ಕಾಲಿನ ಹೆಬ್ಬೆರಳಿನ ಬುಡದ ಗಂಟಿಗೆ ರಾತ್ರಿ ಕಟ್ಟುವ ಪಟ್ಟಿ ಸಾಕಾ, ಆಪರೇಷನ್ ಮಾಡಿಸಬೇಕಾ?

ಬಟ್ಟೆ ಅಂಗಡಿ ಕೆಲಸ, ದಿನವಿಡೀ ನಿಂತೇ ಇರಬೇಕು, ಸಂಜೆ ಹೊತ್ತಿಗೆ ಗಂಟು ಕೆಂಪಗಾಗಿ ಉರಿಯುತ್ತದೆ ಅಂತ ಬರೆದಿದ್ದೀರಿ. ನನ್ನದೂ ಅದೇ ಕಥೆ. ನೀವು ರಾಯಚೂರು, ನಾನು ಬಳ್ಳಾರಿ, ಅಷ್ಟೇ ವ್ಯತ್ಯಾಸ. ಬೆಂಗಳೂರು ರೋಡಿನ ಒಂದು ಸೀರೆ ಅಂಗಡಿಗೆ ಸೇರಿದಾಗ ಕಪ್ಪು ಬೆಲ್ಲಿ ಶೂ ಕಡ್ಡಾಯ ಅಂದರು. ಮುಂದೆ ಚೂಪು, ಒಳಗೆ ಗಾಳಿಯಿಲ್ಲ. ಅಮ್ಮನಿಗೂ ಈ ಗಂಟು ಇತ್ತು, ಹಾಗಾಗಿ ನನಗೂ ಬರುವುದಿತ್ತೋ ಏನೋ. ಆದರೆ ಶೂ ಅದನ್ನು ಕೆರಳಿಸಿತು.

ನನ್ನ ದಡ್ಡತನ ಕೇಳಿ, ನೀವೂ ಅದನ್ನೇ ಮಾಡುವ ಹಾಗಿದೆ. ಬಿಗಿ ಆಗುತ್ತಿದೆ ಅಂತ ಅದೇ ಶೂನಲ್ಲಿ ಒಂದು ನಂಬರ್ ದೊಡ್ಡದು ತಗೊಂಡೆ. ಸರಿ ಅನ್ನಿಸುತ್ತದೆ ಅಲ್ವಾ? ಅಲ್ಲ. ನಂಬರ್ ಜಾಸ್ತಿಯಾದರೆ ಉದ್ದ ಬೆಳೆಯುತ್ತದೆ, ಅಗಲ ಬೆಳೆಯುವುದು ಹೆಸರಿಗಷ್ಟೇ. ಹಿಮ್ಮಡಿ ಸಡಿಲವಾಗುತ್ತದೆ. ಒಂದೊಂದು ಹೆಜ್ಜೆಗೂ ಕಾಲು ಮುಂದಕ್ಕೆ ಜಾರುತ್ತದೆ, ಜಾರಿ ಹೋಗುವುದಾದರೂ ಎಲ್ಲಿಗೆ, ಆ ಚೂಪು ತುದಿಗೇ. ಅಲ್ಲಿ ಬೆರಳುಗಳು ಸಂತೆ ದಿನದ ಟಂಟಂನಲ್ಲಿ ಕೂತ ಜನರ ಹಾಗೆ ಒಂದರ ಮೇಲೊಂದು. ಮೇಲಿಂದ ಶೂ ಕಳಚಿಕೊಳ್ಳಬಾರದು ಅಂತ ನಮಗೇ ಗೊತ್ತಿಲ್ಲದೆ ಬೆರಳು ಮಡಚಿ ಹಿಡಿದುಕೊಂಡು ನಡೆಯುತ್ತೇವೆ. ನಾನು ಬುದ್ಧಿವಂತೆ ಅಂತ ಹಿಮ್ಮಡಿ ಕಡೆ ಸ್ಪಂಜು ತುರುಕಿದೆ. ಅದು ಕಾಲನ್ನು ಇನ್ನೂ ಮುಂದಕ್ಕೆ ತಳ್ಳಿತು. ಅಗಲ ಬೇಕಿದ್ದ ಕಾಲಿಗೆ ಉದ್ದ ಕೊಟ್ಟೆ, ಅದೂ ವರ್ಷಗಟ್ಟಲೆ.

ಹೆಬ್ಬೆರಳು ವಾಲುತ್ತಾ ಹೋಗಿ ಎರಡನೇ ಬೆರಳನ್ನು ಮೇಲಕ್ಕೆ ಎತ್ತಿತು. ಕಾಲುಂಗುರದ ಬೆರಳು ಅದು. ಉಂಗುರ ಒತ್ತಿ ಒತ್ತಿ ಹೆಬ್ಬೆರಳ ಪಕ್ಕಕ್ಕೆ ಕಪ್ಪು ಗೆರೆ ಬಿತ್ತು, ಬಗ್ಗಿದ ಗಿಣ್ಣಿನ ಮೇಲೆ ಆಣಿ ಎದ್ದಿತು. ಬೆರಳು ಊದಿ ಉಂಗುರ ಹೊರಗೇ ಬರಲಿಲ್ಲ, ಅಕ್ಕಸಾಲಿಗರ ಹತ್ತಿರ ಹೋಗಿ ಕತ್ತರಿಸಬೇಕಾಯಿತು. ಅದಕ್ಕೆ ಅತ್ತೆಯ ಮುಖವೂ ಊದಿತು, ಬಿಡಿ. ಕೊನೆಗೆ ಬಲಗಾಲಿಗೆ ಆಪರೇಷನ್ ಆದಾಗ ಗಂಟಿನ ಜೊತೆ ಆ ಬೆರಳನ್ನೂ ಸರಿಮಾಡಿಸಬೇಕಾಯಿತು.

ಅದಕ್ಕೇ ಹೇಳುತ್ತೇನೆ, ಪಟ್ಟಿಯಾ ಆಪರೇಷನ್ನಾ ಅಂತ ಕೇಳುವುದನ್ನು ಸದ್ಯಕ್ಕೆ ಬಿಡಿ. ಶೂ ಯಾವುದು ಅಂತ ನೀವು ಬರೆದೇ ಇಲ್ಲ. ಸಂಜೆ, ಕಾಲು ಬಾತಿರುವಾಗ, ಕಾಗದದ ಮೇಲೆ ನಿಂತು ಸುತ್ತ ಪೆನ್ನಿನಿಂದ ಗೆರೆ ಎಳೆಯಿರಿ. ಅದರ ಮೇಲೆ ಶೂ ಇಡಿ. ನನ್ನದರಲ್ಲಿ ಗೆರೆ ಎರಡೂ ಕಡೆ ಶೂ ಆಚೆ ಇಣುಕುತ್ತಿತ್ತು! ಬೆರಳ ಕಡೆ ಅಗಲ, ಮೇಲೆ ಮೆತ್ತಗೆ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ತಗೊಳ್ಳಿ. ಹವಾಯಿ ಚಪ್ಪಲಿ ಬೇಡ, ಅದನ್ನೂ ಬೆರಳಿಂದ ಹಿಡಿದೇ ನಡೆಯಬೇಕು. ಉರಿ ಜಾಸ್ತಿಯಾದ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟುಕೊಳ್ಳಿ.

ರಾತ್ರಿ ಕಟ್ಟುವ ಪಟ್ಟಿ, ಬೆರಳ ನಡುವಿನ ಸಿಲಿಕಾನ್ ತುಂಡು ಎರಡೂ ನೋವು ಸ್ವಲ್ಪ ತಗ್ಗಿಸಬಹುದು. ಎಲುಬನ್ನು ನೇರ ಮಾಡುವುದಿಲ್ಲ. ಬೆಳಿಗ್ಗೆ ಬಿಚ್ಚಿದರೆ ಬೆರಳು ಮತ್ತೆ ಅಲ್ಲೇ. ಆನ್‌ಲೈನ್ ಜಾಹೀರಾತಿನ ಮೊದಲು-ನಂತರದ ಫೋಟೋ ನಂಬಿ ಸುಮ್ನೆ ದುಡ್ಡು ಹಾಕಬೇಡಿ.

ಈಗ ಆಪರೇಷನ್. ಮದುವೆ ಫೋಟೋದಲ್ಲಿ ಕಾಲು ಚೆನ್ನಾಗಿ ಕಾಣಲಿ ಅಂತ ಮಾಡಿಸುವುದಾದರೆ ಖಂಡಿತ ಬೇಡ, ತಂಗಿ. ಅದು ಕೆತ್ತಿ ಬಿಸಾಡುವ ಗಂಟಲ್ಲ. ಹೆಬ್ಬೆರಳಿನ ಹಿಂದಿನ ಉದ್ದ ಎಲುಬು ಇನ್ನೊಂದು ಕಾಲಿನ ಕಡೆಗೆ ಸರಿದಿರುತ್ತದೆ, ಉಬ್ಬಿ ಕಾಣುವುದು ಅದರ ತಲೆ. ಬರೀ ಉಬ್ಬು ಕೆತ್ತಿದರೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಅದಕ್ಕೆ ಸಾಮಾನ್ಯವಾಗಿ ಎಲುಬು ಕತ್ತರಿಸಿ, ಸರಿಸಿ, ಸ್ಕ್ರೂ ಹಾಕುತ್ತಾರೆ. ಆಮೇಲೆ ಸುಮಾರು 6 ವಾರ ಗಟ್ಟಿ ತಳದ ಶೂ ಹಾಕಿ ಹಿಮ್ಮಡಿ ಮೇಲೆ ಭಾರ ಬಿಟ್ಟು ನಡೆಯಬೇಕು. ನಿಂತು ಮಾಡುವ ಕೆಲಸಕ್ಕೆ ಎರಡು ಮೂರು ತಿಂಗಳು ಬೇಕು, ಬಾವು ಪೂರ್ತಿ ಇಳಿಯಲು 6 ತಿಂಗಳೂ ಆಗಬಹುದು. ಅಗಲದ ಸ್ಯಾಂಡಲ್ ಹಾಕಿದರೂ ನೋವು ಹೋಗದೆ ನಡೆಯುವುದೇ ಕಷ್ಟವಾದರೆ ಆಗ ಮಾಡಿಸಿ. ನನ್ನ ಎಡಗಾಲಿನಲ್ಲಿ ಗಂಟು ಈಗಲೂ ಇದೆ, ಅಗಲ ಚಪ್ಪಲಿಯಲ್ಲೇ ತೂಗಿಸಿಕೊಂಡು ಹೋಗುತ್ತಿದ್ದೇನೆ.

ನಿಮ್ಮೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನಲ್ಲಿ ಎಲುಬಿನ ಡಾಕ್ಟರಿಗೆ ತೋರಿಸಿ. ಎಕ್ಸ್‌ರೇ ನಿಂತೇ ತೆಗೆಸಿ, ಮಲಗಿ ತೆಗೆದರೆ ವಾಲಿರುವುದು ಕಡಿಮೆ ಕಾಣುತ್ತದೆ. ಹೆಬ್ಬೆರಳು ವಾಲಿರುವುದು 15 ಡಿಗ್ರಿಗಿಂತ ಕಡಿಮೆ ಇದ್ದರೆ ಸಹಜ, 40 ದಾಟಿದರೆ ಜೋರು. ಪಕ್ಕದ ಮನೆಯವರು ಯೂರಿಕ್ ಆಸಿಡ್ ಅಂದರು, ಬೇಳೆ ಬಿಟ್ಟೆ ಅಂದಿದ್ದೀರಿ. ಯೂರಿಕ್ ಆಸಿಡ್ ನೋವು ಹೆಚ್ಚಾಗಿ ರಾತ್ರೋರಾತ್ರಿ ಬರುತ್ತದೆ, ಹೊದಿಕೆ ತಾಗಿದರೂ ಜೀವ ಹೋಗುತ್ತದೆ. ನಿಮ್ಮದು ನಿಧಾನಕ್ಕೆ ಬೆಳೆದದ್ದು. ಅನುಮಾನ ಇದ್ದರೆ ಡಾಕ್ಟರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿ, ಬೇಳೆ ತಿನ್ನಿ. ಸಕ್ಕರೆ ಕಾಯಿಲೆ ಇದ್ದು ಗಂಟಿನ ಮೇಲೆ ಗಾಯವಾಗಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ.

ಮ್ಯಾನೇಜರ್ ಸ್ಯಾಂಡಲ್ ಬೇಡ ಅಂದರೆ ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ. ನಮ್ಮ ಅಂಗಡಿಯಲ್ಲಿ ಕಪ್ಪು ಬಣ್ಣದ್ದಾದರೆ ಆಯಿತು ಅಂತ ಒಪ್ಪಿಕೊಂಡರು.