ಹ್ಯಾಕರ್ ಒಳಗೆ ನುಗ್ಗಿದ್ದು ನಿಜ, ಯುಎಫ್‌ಒ ಕಂಡಿದ್ದು ನಿಜವಾ?

ಪ್ರಶ್ನೆ: ಗ್ಯಾರಿ ಮೆಕಿನನ್ ಅನ್ನೋ ಬ್ರಿಟನ್‌ನ ಹ್ಯಾಕರ್ ಅಮೆರಿಕದ ಸೇನೆ ಮತ್ತು ನಾಸಾದ ಕಂಪ್ಯೂಟರ್‌ಗಳಿಗೆ ನುಗ್ಗಿ ಯುಎಫ್‌ಒ (ಗುರುತು ಸಿಗದ ಹಾರುವ ವಸ್ತು) ಫೋಟೊ ನೋಡಿದೆ ಅಂತ ಹೇಳಿರುವ ವಿಡಿಯೊ ನೋಡಿದೆ. ಅವನು ಹೇಳಿದ್ದು ಸುಳ್ಳಾದರೆ ಅಮೆರಿಕ ಹತ್ತು ವರ್ಷ ಅವನ ಬೆನ್ನು ಬಿದ್ದಿದ್ದು ಯಾಕೆ? ಏನೋ ಮುಚ್ಚಿಡ್ತಿದ್ದಾರೆ ಅಂತಲೇ ಅಲ್ವಾ?

ಉತ್ತರ: ತುಂಬಾ ಜನ ಇದನ್ನೇ ಕೇಳುತ್ತಾರೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಿಷಯ ಅಂಟಿಕೊಂಡಿವೆ, ಮೊದಲು ಅವನ್ನು ಬಿಡಿಸಬೇಕು. ಮೆಕಿನನ್ ಒಳಗೆ ಹೋಗಿದ್ದು ಒಂದು. ಒಳಗೆ ಏನು ಕಂಡೆ ಅಂತ ಹೇಳಿದ್ದು ಇನ್ನೊಂದು. ಒಳಗೆ ಹೋಗಿದ್ದನ್ನು ಆತನೇ ಒಪ್ಪಿಕೊಂಡಿದ್ದಾನೆ, ಅದರಲ್ಲಿ ಅನುಮಾನವೇ ಇಲ್ಲ. ಕಂಡಿದ್ದಕ್ಕೆ ಮಾತ್ರ ಆತನ ಬಾಯಿಮಾತು ಬಿಟ್ಟರೆ ಬೇರೇನೂ ಇಲ್ಲ.

ಅಮೆರಿಕ ಕೇಸು ಹಾಕಿದ್ದು ಒಳಗೆ ಹೋಗಿದ್ದಕ್ಕೆ. 2001ರ ಫೆಬ್ರುವರಿಯಿಂದ 2002ರ ಮಾರ್ಚ್‌ವರೆಗೆ 97 ಕಂಪ್ಯೂಟರ್‌ಗಳಿಗೆ ನುಗ್ಗಿದ ಅಂತ ಆರೋಪ. ವಾಷಿಂಗ್ಟನ್‌ನ ಸೇನಾ ನೆಟ್‌ವರ್ಕ್‌ನಲ್ಲಿ ಮುಖ್ಯವಾದ ಫೈಲ್‌ಗಳು ಅಳಿಸಿಹೋಗಿ 2,000 ಕಂಪ್ಯೂಟರ್‌ಗಳು 24 ಗಂಟೆ ನಿಂತವು, ನ್ಯೂಜೆರ್ಸಿಯ ನೌಕಾಪಡೆ ಶಸ್ತ್ರಾಗಾರವೊಂದರಲ್ಲೂ ಕೆಲಸ ಕೆಟ್ಟಿತು, ಒಟ್ಟು ನಷ್ಟ 7 ಲಕ್ಷ ಡಾಲರ್‌ಗೂ ಜಾಸ್ತಿ ಅಂತ ಅಮೆರಿಕ ಹೇಳಿತು. ಇಷ್ಟೊಂದು ಹಾನಿ ಮಾಡಿಲ್ಲ ಅಂತ ಆತ ವಾದಿಸಿದ. ಯಾರು ಸರಿ ಅನ್ನೋದು ಹಾಗಿರಲಿ, ಕಾಲ ಯಾವುದು ನೋಡಿ: ಸೆಪ್ಟೆಂಬರ್ 11ರ ದಾಳಿ ನಡೆದ ವರ್ಷ. ಆ ಹೊತ್ತಿನಲ್ಲಿ ಸೇನೆಯ ಕಂಪ್ಯೂಟರ್‌ಗೆ ಯಾರು ಕೈ ಹಾಕಿದ್ದರೂ, ಒಳಗೆ ಬರೀ ಊಟದ ಪಟ್ಟಿ ಸಿಕ್ಕಿದ್ದರೂ ಸಹ, ಅಮೆರಿಕ ಸುಮ್ನೆ ಬಿಡುತ್ತಿರಲಿಲ್ಲ.

ಇನ್ನು ಆ ಹತ್ತು ವರ್ಷ. ಅದರಲ್ಲಿ ಬಹುಪಾಲು ಕಳೆದದ್ದು ಬ್ರಿಟನ್‌ನ ಕೋರ್ಟುಗಳಲ್ಲಿ, ತನ್ನನ್ನು ಅಮೆರಿಕಕ್ಕೆ ಹಸ್ತಾಂತರ ಮಾಡಬೇಡಿ ಅಂತ ಆತ ಹಾಕಿದ ಮೇಲ್ಮನವಿಗಳಲ್ಲಿ. ಕೊನೆಗೆ 2012ರ ಅಕ್ಟೋಬರ್‌ನಲ್ಲಿ ಗೃಹ ಸಚಿವೆ ಥೆರೆಸಾ ಮೇ ಆತನ ಆರೋಗ್ಯ ನೋಡಿ ಹಸ್ತಾಂತರ ತಡೆದರು, ಅದೇ ಡಿಸೆಂಬರ್‌ನಲ್ಲಿ ಬ್ರಿಟನ್‌ನಲ್ಲೂ ಕೇಸು ನಡೆಸುವುದಿಲ್ಲ ಅಂತ ತೀರ್ಮಾನವಾಯಿತು. ಈ ನಡುವೆ ಆತ ಬಿಬಿಸಿಗೂ ಬೇರೆಯವರಿಗೂ ಸಂದರ್ಶನ ಕೊಟ್ಟು, ಕಂಡಿದ್ದೆಲ್ಲವನ್ನೂ ಬಿಡಿಸಿ ಹೇಳಿದ್ದಾನೆ. ಬಾಯಿ ಮುಚ್ಚಿಸುವುದೇ ಉದ್ದೇಶ ಅಂತಾದರೆ ಇದಕ್ಕೆಲ್ಲ ಅವಕಾಶ ಎಲ್ಲಿತ್ತು?

ಪ್ರಶ್ನೆ: ಸರಿ, ಆದರೆ ಆ ಫೋಟೊ, ಮತ್ತೆ ಅವನು ನೋಡಿದೆ ಅಂತ ಹೇಳಿದ ಅಧಿಕಾರಿಗಳ ಪಟ್ಟಿ? ಇಷ್ಟು ವಿವರವಾಗಿ ಯಾರಾದರೂ ಕಥೆ ಕಟ್ಟೋಕಾಗುತ್ತಾ?

ಉತ್ತರ: ಆತ ಕಥೆ ಕಟ್ಟಿದ ಅಂತ ನಾನು ಹೇಳುತ್ತಿಲ್ಲ. ಮೆಕಿನನ್ ನಂಬಿಕೊಂಡೇ ಹೇಳಿದ ಅಂತಲೇ ನನಗೆ ಅನ್ನಿಸುತ್ತದೆ. ಆದರೆ ಆತ ಹೇಳಿದ್ದನ್ನು ತಾಂತ್ರಿಕವಾಗಿ ಒಂದೊಂದಾಗಿ ನೋಡಿ, ಕಷ್ಟ ಎಲ್ಲಿದೆ ಅಂತ ಗೊತ್ತಾಗುತ್ತದೆ.

ಹೂಸ್ಟನ್‌ನ ಜಾನ್ಸನ್ ಬಾಹ್ಯಾಕಾಶ ಕೇಂದ್ರದ 8ನೇ ಕಟ್ಟಡದ ಕಂಪ್ಯೂಟರ್ ಒಂದರಲ್ಲಿ ಆ ಫೋಟೊ ಇತ್ತು ಅನ್ನುತ್ತಾನೆ. ಆತನ ಬಳಿ ಇದ್ದದ್ದು 56ಕೆ ಡಯಲ್‌ಅಪ್ ಮೋಡೆಮ್. ಅದರಲ್ಲಿ ಎಲ್ಲ ಸರಿಯಾಗಿ ನಡೆದರೂ ಒಂದು ಸೆಕೆಂಡಿಗೆ ಬರುವುದು 7 ಕಿಲೊಬೈಟ್. ಫೈಲ್ ದೊಡ್ಡದು, ಇಳಿಸಿಕೊಳ್ಳಲು ಆಗದು. ಹಾಗಾಗಿ ಆ ಕಂಪ್ಯೂಟರ್‌ನ ಪರದೆಯನ್ನೇ ದೂರದಿಂದ ತನ್ನ ಪರದೆಯಲ್ಲಿ ನೋಡಿದ, ಬೇಗ ಬರಲಿ ಅಂತ ಬಣ್ಣವನ್ನು 4 ಬಿಟ್‌ಗೆ ಇಳಿಸಿದ. 4 ಬಿಟ್ ಅಂದರೆ ಇಡೀ ಚಿತ್ರಕ್ಕೆ ಬರೀ 16 ಬಣ್ಣ. ನಿಮ್ಮ ಫೋನಿನಲ್ಲಿರುವ ಯಾವುದಾದರೂ ಫೋಟೊವನ್ನು ಚಿಕ್ಕದು ಮಾಡಿ, 16 ಬಣ್ಣಕ್ಕೆ ಇಳಿಸಿ ನೋಡಿ. ಮೋಡದ ಅಂಚು, ನೆರಳು, ಲೋಹದ ಜೋಡಣೆ ಎಲ್ಲ ಕಲಸಿಹೋಗಿ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಅಂಥ ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಮೂಡುತ್ತಿರುವಾಗ, ಭೂಮಿಯ ಮೇಲೆ ಸಿಗಾರ್ ಆಕಾರದ ವಸ್ತುವೊಂದನ್ನು ಕಂಡೆ, ಅದರಲ್ಲಿ ಬೆಸುಗೆ, ಜೋಡಣೆ ಏನೂ ಇರಲಿಲ್ಲ, ಹಾಗಾಗಿ ಮನುಷ್ಯರು ಮಾಡಿದ್ದಲ್ಲ ಅನ್ನೋದು ಆತನ ಮಾತು. ಜೋಡಣೆ ಇದ್ದಿದ್ದರೂ ಆ ಪರದೆಯಲ್ಲಿ ಕಾಣುತ್ತಿತ್ತಾ? ನನಗಂತೂ ಸಾಧ್ಯ ಅನ್ನಿಸುವುದಿಲ್ಲ.

ಫೋಟೊ ಪೂರ್ತಿ ಮೂಡುವ ಮುಂಚೆಯೇ ಅಲ್ಲಿದ್ದ ಯಾರೋ ಮೌಸ್ ಆಡಿಸಿ ಸಂಪರ್ಕ ಕಡಿದರು ಅನ್ನುತ್ತಾನೆ. ಇರಬಹುದು. ಆದರೆ ಅಲ್ಲಿವರೆಗೆ ಮೂಡಿದ ಭಾಗ ಆತನ ಕಣ್ಣ ಮುಂದೆಯೇ ಇತ್ತಲ್ಲ. ಕೀಬೋರ್ಡ್‌ನ ಪ್ರಿಂಟ್ ಸ್ಕ್ರೀನ್ ಕೀ ಒತ್ತಿದ್ದರೆ ಅರ್ಧ ಚಿತ್ರವಾದರೂ ಉಳಿಯುತ್ತಿತ್ತು. ಹೆಸರು, ಹುದ್ದೆ ಇದ್ದ ಪಟ್ಟಿಯ ಕಥೆಯೂ ಅಷ್ಟೇ. ಭೂಮಿಯ ಹೊರಗಿನ ಅಧಿಕಾರಿಗಳು ಅನ್ನೋ ಅರ್ಥದ ತಲೆಬರಹ, ಅಮೆರಿಕದ ನೌಕಾಪಡೆಯಲ್ಲಿ ಇಲ್ಲದ ಹಡಗುಗಳ ಹೆಸರು ಕಂಡೆ ಅಂತ ಹೇಳಿದ. ಆ ಫೈಲ್ ಕೆಲವೇ ಕಿಲೊಬೈಟ್ ಇರುವಂಥದ್ದು, ಡಯಲ್‌ಅಪ್‌ನಲ್ಲೂ ನಿಮಿಷದೊಳಗೆ ಇಳಿಯುತ್ತದೆ. ವರ್ಷವಿಡೀ ಇದಕ್ಕಾಗಿಯೇ ಹುಡುಕಿದವನ ಕೈಯಲ್ಲಿ ಅದರ ಒಂದು ಸಾಲೂ ಇಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದೇ.

ಇನ್ನೊಂದು ವಿಷಯವನ್ನು ವಿಡಿಯೊಗಳು ಸಾಮಾನ್ಯವಾಗಿ ಹೇಳುವುದಿಲ್ಲ. 8ನೇ ಕಟ್ಟಡಕ್ಕೆ ಆತ ದಾರಿ ತಪ್ಪಿ ಹೋಗಿದ್ದಲ್ಲ. ನಾಸಾ ಫೋಟೊಗಳಿಂದ ಯುಎಫ್‌ಒಗಳನ್ನು ಅಲ್ಲಿ ಅಳಿಸುತ್ತಾರೆ ಅಂತ ಯುಎಫ್‌ಒ ಗುಟ್ಟನ್ನು ಸರ್ಕಾರ ಬಹಿರಂಗ ಮಾಡಬೇಕು ಅನ್ನೋ ಚಳವಳಿಯವರು ಆಗಲೇ ಹೇಳಿದ್ದರು, ಅದನ್ನು ಕೇಳಿಯೇ ಆತ ಅಲ್ಲಿ ಹುಡುಕಿದ. ಮೊದಲೇ ಇದೇ ಇರುತ್ತೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಹೋದವರಿಗೆ ಮಸುಕು ಚಿತ್ರದಲ್ಲಿ ಅದೇ ಕಾಣುತ್ತದೆ. ಇದು ಮೆಕಿನನ್ ಒಬ್ಬನ ದೋಷವಲ್ಲ, ಕಣ್ಣು ಕೆಲಸ ಮಾಡುವುದೇ ಹಾಗೆ.

ಒಳಗೆ ಹೋಗಿದ್ದು ಹೇಗೆ ಗೊತ್ತಾ? ಪಾಸ್‌ವರ್ಡ್ ಖಾಲಿ ಬಿಟ್ಟಿದ್ದ ಅಡ್ಮಿನ್ ಖಾತೆಗಳನ್ನು ಒಂದು ಚಿಕ್ಕ ಪ್ರೋಗ್ರಾಮ್ ಬರೆದು ಹುಡುಕಿದ. ಅಂದರೆ ಇವೆಲ್ಲ ಇಂಟರ್‌ನೆಟ್‌ಗೆ ನೇರ ಸಿಗುವ, ಯಾರೂ ಸರಿಯಾಗಿ ನೋಡಿಕೊಳ್ಳದ ಕಚೇರಿ ಕಂಪ್ಯೂಟರ್‌ಗಳು. ಅಮೆರಿಕದ ಸೇನೆ ರಹಸ್ಯ ಮಾಹಿತಿಯನ್ನು ಇಡುವುದು ಸಿಪರ್‌ನೆಟ್, ಜೆವಿಕ್ಸ್ ಅಂತ ಪ್ರತ್ಯೇಕ ಜಾಲಗಳಲ್ಲಿ, ಅವನ್ನು ಮಾಮೂಲಿ ಇಂಟರ್‌ನೆಟ್‌ಗೆ ಸೇರಿಸಿಲ್ಲ. ಇಡೀ ಜಗತ್ತಿನಿಂದ ಮುಚ್ಚಿಟ್ಟ ಅತಿ ದೊಡ್ಡ ಗುಟ್ಟು ಪಾಸ್‌ವರ್ಡೇ ಇಲ್ಲದ ಮೇಜಿನ ಕಂಪ್ಯೂಟರ್‌ನಲ್ಲಿ ಇತ್ತು ಅಂತ ನಂಬುವುದು ನನಗೆ ಕಷ್ಟ.

ಪ್ರಶ್ನೆ: ಅನಾನಿಮಸ್, ವಿಕಿಲೀಕ್ಸ್, ಸ್ನೋಡೆನ್ ಇವರೆಲ್ಲ ಏನು ಹೊರಗೆ ತಂದರು?

ಉತ್ತರ: ಯುಎಫ್‌ಒ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. 2017ರ ಜೂನ್‌ನಲ್ಲಿ ಅನಾನಿಮಸ್ ಅನ್ನೋ ಹ್ಯಾಕರ್ ಗುಂಪಿನ ಹೆಸರಿನ ವಿಡಿಯೊವೊಂದು, ನಾಸಾ ಇನ್ನೇನು ಅನ್ಯಗ್ರಹ ಜೀವಿಗಳ ಸುದ್ದಿ ಹೇಳಲಿದೆ ಅಂತ ಹಬ್ಬಿಸಿತು. ಅದರಲ್ಲಿ ಹ್ಯಾಕ್ ಮಾಡಿದ ದಾಖಲೆ ಇರಲಿಲ್ಲ. ನಾಸಾದ ಆಗಿನ ವಿಜ್ಞಾನ ವಿಭಾಗದ ಮುಖ್ಯಸ್ಥ ಥಾಮಸ್ ಜುರ್ಬುಕೆನ್ ಅಮೆರಿಕದ ಸಂಸತ್ ಸಮಿತಿಯ ಮುಂದೆ ಎಲ್ಲರೆದುರು ಆಡಿದ ಮಾತನ್ನೇ ಎಳೆದು ತಂದಿದ್ದರು. ಅಂಥ ಯಾವ ಘೋಷಣೆಯೂ ಇಲ್ಲ ಅಂತ ಅವರೇ ಟ್ವೀಟ್ ಮಾಡಿದರು. 2016ರಲ್ಲಿ ಸೋರಿಕೆ ದಾಖಲೆ ಪ್ರಕಟಿಸುವ ವಿಕಿಲೀಕ್ಸ್ ತಾಣ ಹಾಕಿದ, ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರ ಇಮೇಲ್‌ಗಳಲ್ಲಿ ಯುಎಫ್‌ಒ ಮಾತು ಇದೆ ನಿಜ, ಆದರೆ ಅದು ಆಸಕ್ತರು ಅವರಿಗೆ ಬರೆದ ಪತ್ರಗಳು. ಪತ್ರ ಅಸಲಿ ಆದ ಮಾತ್ರಕ್ಕೆ ಪತ್ರದಲ್ಲಿ ಹೇಳಿದ್ದೂ ಅಸಲಿ ಆಗುವುದಿಲ್ಲ.

ಸ್ನೋಡೆನ್ ವಿಷಯ ಮಾತ್ರ ಗಮನ ಇಟ್ಟು ನೋಡಬೇಕು. ಖಾಲಿ ಪಾಸ್‌ವರ್ಡ್ ಹುಡುಕಿಕೊಂಡು ಹೊರಗಿನಿಂದ ಬಂದವರಲ್ಲ, ಗುಪ್ತಚರ ಜಾಲದ ಒಳಗೇ ಕೆಲಸ ಮಾಡಿದವರು. ಅಮೆರಿಕ ಸರ್ಕಾರವನ್ನು ಎದುರು ಹಾಕಿಕೊಂಡು 2013ರಲ್ಲಿ ದಾಖಲೆಗಳನ್ನೇ ಪತ್ರಕರ್ತರ ಕೈಗೆ ಕೊಟ್ಟರು. ಅನ್ಯಗ್ರಹ ಜೀವಿಗಳ ಬಗ್ಗೆಯೂ ಹುಡುಕಿ ನೋಡಿದೆ, ಏನೂ ಸಿಗಲಿಲ್ಲ ಅಂತ 2019ರಲ್ಲಿ ಹೇಳಿದರು. ಸರ್ಕಾರವನ್ನು ಉಳಿಸಬೇಕು ಅನ್ನೋ ಯಾವ ದರ್ದೂ ಅವರಿಗೆ ಇರಲಿಲ್ಲ. ಇದರಿಂದ ಎಲ್ಲಿಯೂ ಏನೂ ಇಲ್ಲ ಅಂತ ಸಾಬೀತಾಗುವುದಿಲ್ಲ, ಆದರೂ ಮೆಕಿನನ್ ಮಾತಿಗಿಂತ ಇದಕ್ಕೆ ತೂಕ ಜಾಸ್ತಿ.

ಪ್ರಶ್ನೆ: ಹಾಗಾದರೆ ಸರ್ಕಾರ ಏನನ್ನೂ ಮುಚ್ಚಿಟ್ಟಿಲ್ಲ ಅಂತೀರಾ?

ಉತ್ತರ: ಖಂಡಿತ ಮುಚ್ಚಿಟ್ಟಿದೆ! 1947ರಲ್ಲಿ ಅಮೆರಿಕದ ರಾಸ್‌ವೆಲ್ ಬಳಿ ಸಿಕ್ಕ ಅವಶೇಷಗಳನ್ನು ಹವಾಮಾನ ಬಲೂನ್ ಅಂದರು. ಅದು ಸೋವಿಯತ್ ಅಣ್ವಸ್ತ್ರ ಪರೀಕ್ಷೆಯ ಸದ್ದು ಹಿಡಿಯಲು ಹಾರಿಸಿದ ಮೊಗಲ್ ಅನ್ನೋ ಗುಪ್ತ ಯೋಜನೆಯ ಬಲೂನ್ ಇರಬೇಕು ಅಂತ ವಾಯುಪಡೆ ಹೇಳಿದ್ದು 1994ರಲ್ಲಿ. 1950ರ ದಶಕದಲ್ಲಿ ಯು-2 ಬೇಹುಗಾರಿಕೆ ವಿಮಾನ 60,000 ಅಡಿಗೂ ಮೇಲೆ ಹಾರುತ್ತಿತ್ತು, ಅಷ್ಟು ಎತ್ತರದಲ್ಲಿ ವಿಮಾನ ಇರಬಹುದು ಅಂತ ಜನರಿಗೆ ಗೊತ್ತೇ ಇರಲಿಲ್ಲ, ನೋಡಿದವರು ಯುಎಫ್‌ಒ ಅಂದರು, ಅಧಿಕಾರಿಗಳು ನಿಜ ಹೇಳುವ ಹಾಗಿರಲಿಲ್ಲ. ಜನರ ಅಪನಂಬಿಕೆಗೆ ಇಂಥ ಸುಳ್ಳುಗಳೇ ಕಾರಣ, ಅದರಲ್ಲಿ ತಪ್ಪು ಸರ್ಕಾರದ್ದು. ಯುಎಫ್‌ಒ ವರದಿಗಳನ್ನು ತನಿಖೆ ಮಾಡಿದ ವಾಯುಪಡೆಯ ಬ್ಲೂ ಬುಕ್ ಯೋಜನೆ 1969ರ ಹೊತ್ತಿಗೆ 12,618 ವರದಿ ನೋಡಿ 701ನ್ನು ಏನೆಂದು ಗುರುತಿಸಲಾಗಿಲ್ಲ ಅಂತ ಬಿಟ್ಟಿತು. ಗುರುತು ಸಿಕ್ಕಿಲ್ಲ ಅಂದರೆ ಮಾಹಿತಿ ಸಾಲದು ಅಂತ ಅಷ್ಟೇ. ಇಂಥ ವರದಿಗಳನ್ನು ತನಿಖೆ ಮಾಡುವ ಪೆಂಟಗನ್‌ನ ಆರೋ (AARO) ಕಚೇರಿ 2024ರ ಮಾರ್ಚ್‌ನಲ್ಲಿ ಕೊಟ್ಟ ವರದಿಯೂ ಅನ್ಯಗ್ರಹ ತಂತ್ರಜ್ಞಾನಕ್ಕೆ ಪುರಾವೆ ಸಿಕ್ಕಿಲ್ಲ ಅನ್ನುತ್ತದೆ. ಅದು ಸರ್ಕಾರದ್ದೇ ವರದಿ, ನಂಬಲ್ಲ ಅಂದರೆ ನಿಮ್ಮಿಷ್ಟ. ಆದರೆ ಸರ್ಕಾರವನ್ನು ಎಷ್ಟು ಅನುಮಾನಿಸುತ್ತೀರೋ ಹ್ಯಾಕರ್‌ನನ್ನೂ ಅಷ್ಟೇ ಅನುಮಾನಿಸಿ.

ಪ್ರಶ್ನೆ: ನಾಳೆ ಯಾರಾದರೂ ನಿಜವಾಗಿ ದಾಖಲೆ ತಂದರೆ ಹೇಗೆ ನೋಡಬೇಕು?

ಉತ್ತರ: ಫೈಲ್ ಕೇಳಿ. ಸ್ಕ್ರೀನ್‌ಶಾಟ್ ಸಾಲದು, ಮೂಲ ಫೈಲ್ ಬೇಕು. ಯಾವಾಗ, ಯಾವ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು ಅನ್ನೋ ಗುರುತು ಅದರೊಳಗೆ ಇರುತ್ತದೆ. ಅದನ್ನೂ ತಿದ್ದಬಹುದು, ಆದರೆ ತಿದ್ದಿದವರು ಒಂದಲ್ಲ ಒಂದು ಕಡೆ ಎಡವುತ್ತಾರೆ. ಆಮೇಲೆ ಸಂಬಂಧವಿಲ್ಲದ ಇಬ್ಬರು ಮೂವರು ಪರಿಣತರು ಅದನ್ನು ನೋಡಲು ಬಿಡುತ್ತಾರಾ ಅಂತ ಗಮನಿಸಿ.

ಯುಎಫ್‌ಒ ಬಗ್ಗೆ ಸರ್ಕಾರದ ಗುಪ್ತ ಸಮಿತಿಯೊಂದು ಇತ್ತು ಅನ್ನೋ ಮೆಜೆಸ್ಟಿಕ್-12 ದಾಖಲೆಗಳು ಸಿಕ್ಕಿಬಿದ್ದದ್ದು ಇಂಥ ಪರಿಶೀಲನೆಯಿಂದಲೇ. 1984ರಲ್ಲಿ ಯಾರೋ ಫಿಲ್ಮ್ ರೋಲ್‌ನಲ್ಲಿ ಕಳಿಸಿದ ಈ ದಾಖಲೆಗಳಲ್ಲಿ ಅಧ್ಯಕ್ಷ ಟ್ರೂಮನ್ ಸಹಿ ಇತ್ತು, ನೋಡಲು ಅಸಲಿ ತರಹವೇ. ಆದರೆ 1947ರ ಅಕ್ಟೋಬರ್ 1ರಂದು ಟ್ರೂಮನ್ ವಿಜ್ಞಾನಿ ವ್ಯಾನಿವರ್ ಬುಷ್ ಅವರಿಗೆ ಬರೆದ ನಿಜವಾದ ಪತ್ರದ ಸಹಿಗೆ ಇದು ಗೆರೆಗೆ ಗೆರೆ ಹೊಂದುತ್ತದೆ ಅಂತ ಯುಎಫ್‌ಒ ಕಥೆಗಳನ್ನು ಪರಿಶೀಲಿಸುತ್ತಿದ್ದ ಪತ್ರಕರ್ತ ಫಿಲಿಪ್ ಕ್ಲಾಸ್ ತೋರಿಸಿದರು. ಯಾರೂ ಎರಡು ಸಲ ಕೂದಲೆಳೆಯೂ ಬದಲಾಗದ ಹಾಗೆ ಸಹಿ ಹಾಕುವುದಿಲ್ಲ, ಹಾಗಾಗಿ ಅದು ನಕಲು. ಎಫ್‌ಬಿಐ ಕಡತದಲ್ಲಿ ಈ ದಾಖಲೆಯ ಮೇಲೆ ದಪ್ಪ ಅಕ್ಷರದಲ್ಲಿ ಖೋಟಾ ಅಂತಲೇ ಬರೆದಿದ್ದಾರೆ.

ಕೊನೆಯದಾಗಿ, ಸೋರಿಕೆಯಾದ ಯುಎಫ್‌ಒ ಫೈಲ್ ಅಂತ ಜಿಪ್ ಫೈಲ್ ಅಥವಾ ಲಿಂಕ್ ಕಳಿಸಿದರೆ ದಯವಿಟ್ಟು ತೆರೆಯಬೇಡಿ, ಮಾಲ್‌ವೇರ್ ಹರಡುವವರು ಜನರ ಕುತೂಹಲವನ್ನೇ ನೆಚ್ಚಿಕೊಂಡಿರುತ್ತಾರೆ. ಅಸಲಿ ಬ್ಲೂ ಬುಕ್ ಕಡತಗಳು ಅಮೆರಿಕದ ರಾಷ್ಟ್ರೀಯ ದಾಖಲೆಗಳ ಸಂಗ್ರಹಾಲಯದಲ್ಲಿ ಎಲ್ಲರಿಗೂ ಸಿಗುತ್ತವೆ, ಓದಬೇಕು ಅನ್ನಿಸಿದರೆ ಅಲ್ಲಿಂದಲೇ ಶುರು ಮಾಡಿ.