ಪ್ರತಿಕ್ರಿಯೆ: ಮಾವಿನ ತೋಟದ ಮದುವೆ ಕೇಕ್ ಕುಸಿಯದಂತೆ
ಮಾವಿನ ತೋಟದ ಥೀಮಿನ ನಿಮ್ಮ ಮೂರು ಅಂತಸ್ತಿನ ಮದುವೆ ಕೇಕಿನ ಪೋಸ್ಟ್ ಓದಿದೆ. ಟ್ರಯಲ್ ಕೇಕಿನಲ್ಲಿ ಕೆಳಗಿನ ಅಂತಸ್ತು ಉಬ್ಬಿ ಫಾಂಡೆಂಟ್ (ಕೇಕಿನ ಮೇಲೆ ಹೊದಿಸುವ ಸಕ್ಕರೆ ಹಿಟ್ಟಿನ ಹಾಳೆ) ಜಾರಿತು ಅಂದಿದ್ದೀರಲ್ಲ, ಬಹುಶಃ ಅದರಡಿ ಹಚ್ಚಿದ ವಿಪ್ಪಿಂಗ್ ಕ್ರೀಮೇ ಕಾರಣ. ಅದು ಭಾರ ತಡೆಯುವುದಿಲ್ಲ, ಅದರ ನೀರಿಗೆ ಫಾಂಡೆಂಟೂ ಕರಗುತ್ತದೆ. ಮೇಲಿನ ಅಂತಸ್ತಿನ ಭಾರ ಹೊರಲು ಕೇಕಿನೊಳಗೆ ಚುಚ್ಚುವ ಆಧಾರದ ಕಡ್ಡಿ ಹಾಕಿದ್ರೋ ಇಲ್ಲವೋ ಬರೆದಿಲ್ಲ, ಹಾಕದಿದ್ದರೆ ಅದೂ ಸೇರಿರುತ್ತದೆ.

ಮೊದಲು ಕ್ರೀಮ್ ಬದಲು ಗನಾಶ್ (ಚಾಕೊಲೇಟ್, ಕ್ರೀಮ್ ಕಲಸಿದ ಲೇಪ) ಹಚ್ಚಿ. ಡಾರ್ಕ್ ಚಾಕೊಲೇಟ್ 2 ಪಾಲಿಗೆ ಕ್ರೀಮ್ 1 ಪಾಲು, ವೈಟ್ ಆದರೆ 3ಕ್ಕೆ 1. ಮೇ ತಿಂಗಳ ಕೋಲಾರದ ಬಿಸಿಲು ಅಲ್ವಾ, ಕ್ರೀಮ್ ಇನ್ನೂ ಸ್ವಲ್ಪ ಕಮ್ಮಿಯಾದರೂ ಸರಿ. ರಾತ್ರಿಯಿಡೀ ಗಟ್ಟಿಯಾಗಲು ಬಿಟ್ಟು ಆಮೇಲೆ ಫಾಂಡೆಂಟ್ ಹೊದಿಸಿ. ಮೂರು ಅಂತಸ್ತಿನ ಕೆಳಗೂ ಬೇರೆ ಬೇರೆ ಬೋರ್ಡ್ ಇರಲಿ, ಕೆಳಗಿನ ಎರಡಕ್ಕೂ ಕಡ್ಡಿ ಚುಚ್ಚಿ, ಒಂದು ಅಂತಸ್ತಿನ ಕಡ್ಡಿಗಳೆಲ್ಲವನ್ನೂ ಒಂದೇ ಎತ್ತರಕ್ಕೆ ಕತ್ತರಿಸಿ, ಒಂದು ಗಿಡ್ಡವಾದರೂ ಮೇಲಿನದು ವಾಲುತ್ತದೆ.

ಶ್ರೀನಿವಾಸಪುರದ ತೋಟದ ಥೀಮ್ ಅಂತೂ ತುಂಬಾ ಇಷ್ಟವಾಯಿತು, ಅದನ್ನು ಬಿಡಬೇಡಿ. ಎಲೆ, ಹೂಗೊಂಚಲಿನ ಫಾಂಡೆಂಟಿಗೆ ಚಿಟಿಕೆ ಸಿಎಂಸಿ ಪುಡಿ (ಫಾಂಡೆಂಟನ್ನು ಗಟ್ಟಿಯಾಗಿಸುವ, ತಿನ್ನಬಹುದಾದ ಅಂಟು ಪುಡಿ) ಕಲಸಿ, 3-4 ದಿನ ಮೊದಲೇ ಮಾಡಿ ಹೊರಗೇ ಒಣಗಿಸಿ. ಫ್ರಿಜ್‌ನಲ್ಲಿಟ್ಟರೆ ಮೆತ್ತಗಾಗುತ್ತವೆ.

ಛತ್ರಕ್ಕೆ ಅಂತಸ್ತುಗಳನ್ನು ಬೇರೆ ಬೇರೆ ಡಬ್ಬದಲ್ಲಿ ಒಯ್ದು ಅಲ್ಲೇ ಜೋಡಿಸಿ. ಫ್ರಿಜ್‌ನಿಂದ ತೆಗೆದ ಕೇಕ್ ಬೆವರಿದರೆ ಒರೆಸಬೇಡಿ, ಫ್ಯಾನಿನ ಗಾಳಿಗೆ ಸುಮ್ನೆ ಬಿಡಿ, ತಾನೇ ಒಣಗುತ್ತದೆ.