ಯಾವ ಸಪ್ಪಳ ಅಂತ ಮೊದಲು ಬರೆಯಿರಿ

ಪ್ರಿಯ ಬರಹಗಾರರೇ,

ಗಿಟಾರಿಗಾಗಿ ನೀವೇ ಕಟ್ಟಿದ ಟ್ಯೂಬ್ ಪ್ರೀಆಂಪ್ (ಗಿಟಾರಿನ ಸಣ್ಣ ಸಿಗ್ನಲ್ಲನ್ನು ಟ್ಯೂಬು, ಅಂದರೆ ಗಾಜಿನ ವಾಲ್ವುಗಳಿಂದ ಹಿಗ್ಗಿಸುವ ಪೆಟ್ಟಿಗೆ), ಅದರಲ್ಲಿ ಬಂದ ಬೇಡದ ಸದ್ದು, ಕೊನೆಗೆ ಅದನ್ನು ಅಡಗಿಸಿದ ಬಗೆ. ಇಷ್ಟನ್ನು ಬರೆದು ಟಿಳಕವಾಡಿಯಿಂದ ಕಳಿಸಿದ್ದೀರಿ. ಓದಿದೆ. ಭಾಷೆ ತಿಳಿಯಾಗಿದೆ. ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯುವವರೂ ಕಡಿಮೆ. ಆದರೆ ಈಗಿರುವ ಹಾಗೆ ಅಚ್ಚಿಗೆ ಕೊಡಲಾರೆ. ಕೆಲವು ಕಡೆ ನನಗೆ ಸುಮ್ಮನಿರಲು ಆಗಲಿಲ್ಲ, ಅವನ್ನೇ ಹೇಳುತ್ತೇನೆ.

“ಸ್ವಿಚ್ ಹಾಕಿದ ಕೂಡಲೇ ವಿಪರೀತ ನಾಯ್ಸ್ ಬಂತು” ಅಂತ ಶುರು ಮಾಡಿದ್ದೀರಿ. ಯಾವ ನಾಯ್ಸ್? ಗುಂಯ್ ಅನ್ನುತ್ತಿತ್ತಾ, ಸುಸ್ಸ್ ಅನ್ನುತ್ತಿತ್ತಾ, ಚರಚರ ಅನ್ನುತ್ತಿತ್ತಾ? ನಾಲ್ಕು ಪುಟ ಹುಡುಕಿದೆ, ಎಲ್ಲೂ ಇಲ್ಲ. ನಿಮ್ಮ ಲೇಖನ ಓದುವವನ ಮುಂದೆ ಅವನದೇ ಒಂದು ಪೆಟ್ಟಿಗೆ ಸದ್ದು ಮಾಡುತ್ತಾ ಕೂತಿರುತ್ತದೆ. ಅವನ ಸದ್ದೂ ನಿಮ್ಮ ಸದ್ದೂ ಒಂದೇನಾ ಅಂತ ಅವನಿಗೆ ತಿಳಿಯಬೇಕಲ್ವಾ?

ನೀವು ಗಿಟಾರ್ ನುಡಿಸುವವರು. ಕಿವಿ ನಿಮ್ಮ ಹತ್ತಿರವೇ ಇದೆ. ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿ ಬಾರಿಸಿ. ಅದು 98 ಹರ್ಟ್ಸ್. ನಮ್ಮ ಮನೆಯ ಕರೆಂಟು 50 ಹರ್ಟ್ಸ್. ಅದನ್ನು ಪೂರ್ತಿ ರೆಕ್ಟಿಫೈ ಮಾಡಿದ ಮೇಲೆ, ಅಂದರೆ ಎಸಿಯನ್ನು ಡಿಸಿ ಮಾಡಿದ ಮೇಲೆ, ಉಳಿಯುವ ಏರಿಳಿತ 100 ಹರ್ಟ್ಸ್. ಗುಂಯ್ ಅನ್ನುವ ಸದ್ದು ಆ ಮೂರನೇ ಫ್ರೆಟ್ಟಿನ ಸ್ವರಕ್ಕೆ ಹತ್ತಿರ ಕೂತರೆ ಮೊದಲ ಅನುಮಾನ ಆ ಏರಿಳಿತವನ್ನು ಸಮ ಮಾಡಬೇಕಾದ ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್ ಮೇಲೆ. ಅದಕ್ಕಿಂತ ಒಂದು ಸಪ್ತಕ ಕೆಳಗಿದ್ದರೆ ಟ್ಯೂಬನ್ನು ಕಾಯಿಸುವ ಹೀಟರಿನ ಎಸಿ ವೈರು, ಗ್ರೌಂಡ್ ಲೂಪ್ (ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆಗುವ ಸುತ್ತು), ಟ್ರಾನ್ಸ್‌ಫಾರ್ಮರ್ ಕಡೆ ನೋಡಬೇಕು. ಗಿಟಾರ್ ಹಿಡಿದು ನಿಂತಲ್ಲೇ ತಿರುಗಿದಾಗ ಸದ್ದು ಹೆಚ್ಚು ಕಡಿಮೆ ಆದರೆ ಅದು ತಂತಿಯ ಕಂಪನ ಹಿಡಿಯುವ ಪಿಕಪ್‌ನಿಂದ ಬರುತ್ತಿದೆ, ಪ್ರೀಆಂಪ್ ಬಿಚ್ಚುವುದೇ ಬೇಡ. ಸುಸ್ಸ್ ಅನ್ನುವುದೇ ಬೇರೆ ಜಾತಿ. ಮೊದಲ ಟ್ಯೂಬಿನ ಪ್ಲೇಟಿಗೆ (ಹಿಗ್ಗಿದ ಸಿಗ್ನಲ್ ಹೊರಬರುವ ತುದಿ) ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್ ಹಾಕಿದ್ದರೆ ಅಲ್ಲಿಂದ ಬರಬಹುದು. ಮೆಟಲ್ ಫಿಲ್ಮ್ ಹಾಕಿದರೆ ತಗ್ಗುತ್ತದೆ. ಮೊದಲ ಟ್ಯೂಬು ಅಂತ ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಅಲ್ಲಿ ಸೇರಿದ ಸದ್ದನ್ನು ಮುಂದಿನ ಹಂತಗಳೆಲ್ಲ ಹಿಗ್ಗಿಸುತ್ತಾ ಹೋಗುತ್ತವೆ.

ಇನ್ನು ಆ “ಕೂಡಲೇ”. ಇಂಥ ಪ್ರೀಆಂಪಿಗೆ ಸಾಮಾನ್ಯವಾಗಿ ಹಾಕುವ 12ಎಎಕ್ಸ್7 ಟ್ಯೂಬಿನ ಹೀಟರ್ ಕಾಯುವುದಕ್ಕೆ ಹತ್ತು ಹದಿನೈದು ಸೆಕೆಂಡಾದರೂ ಬೇಕು. ಅಲ್ಲಿಯವರೆಗೆ ಟ್ಯೂಬು ಕೆಲಸವನ್ನೇ ಮಾಡುವುದಿಲ್ಲ. ಸದ್ದು ನಿಜವಾಗಿಯೂ ಕೂಡಲೇ ಬಂದಿದ್ದರೆ ಅದು ಟ್ಯೂಬಿನ ಮೂಲಕ ಬಂದದ್ದಲ್ಲ. ನಿಮ್ಮ ಪ್ರೀಆಂಪಿಗೂ ಮುಂದಿನ ಪವರ್ ಆಂಪಿಗೂ ನಡುವಿನ ಗ್ರೌಂಡ್ ಲೂಪ್ ಇರಬಹುದು. ಟ್ಯೂಬ್ ಕಾದ ಮೇಲೆ ನಿಧಾನವಾಗಿ ಏರಿ ಬಂದಿದ್ದರೆ ಹುಡುಕುವ ಜಾಗವೇ ಬೇರೆ. ಎರಡರಲ್ಲಿ ಯಾವುದು? ನಿಮಗೆ ನೆನಪಿರುತ್ತದೆ, ಬರೆಯಿರಿ.

ಮೂರನೇ ಪುಟದಲ್ಲಿ “ವಾಲ್ಯೂಮ್ ಕಡಿಮೆ ಮಾಡಿದರೂ ಪ್ರಯೋಜನವಾಗಲಿಲ್ಲ” ಅಂದು ಮುಂದೆ ಹೋಗಿದ್ದೀರಿ. ಇಡೀ ಲೇಖನದಲ್ಲಿ ಇದಕ್ಕಿಂತ ಬೆಲೆಯ ಸಾಲು ಇನ್ನೊಂದಿಲ್ಲ! ವಾಲ್ಯೂಮ್ ತಗ್ಗಿಸಿದರೂ ಸದ್ದು ತಗ್ಗದಿದ್ದರೆ ಅದು ವಾಲ್ಯೂಮಿನ ನಂತರ ಸೇರಿದೆ. ಅರ್ಧ ಸರ್ಕ್ಯೂಟಿನ ಮೇಲಿನ ಅನುಮಾನ ಅಲ್ಲಿಗೇ ಕಳೆಯಿತು. ಇಲ್ಲಿ ನಿಂತು ಒಂದು ಪ್ಯಾರಾ ಬರೆಯಬೇಕಿತ್ತು. ಅದರ ಬದಲು, “ಟ್ಯೂಬ್, ಕೆಪಾಸಿಟರ್, ವೈರಿಂಗ್ ಎಲ್ಲ ಬದಲಿಸಿದೆ, ಸದ್ದು ಅಡಗಿತು” ಅಂದಿದ್ದೀರಿ. ಯಾವುದನ್ನು ಬದಲಿಸಿದ್ದಕ್ಕೆ ಅಡಗಿತು? ನಿಮಗೂ ಗೊತ್ತಿಲ್ಲ, ಓದುಗನಿಗೂ ಗೊತ್ತಾಗಲಿಲ್ಲ. ಅವನು ಮೂರಕ್ಕೂ ದುಡ್ಡು ಹಾಕಬೇಕು.

ಈ ಸಾಲು ನನ್ನನ್ನು ಇಷ್ಟು ಕೆಣಕಲು ಕಾರಣ ಇದೆ. ಪತ್ರಿಕೆಗೆ ಬರುವ ಮೊದಲು ನಾನು ಶಹಾಪುರದ ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಆಗ ಇನ್ನೂ ವಾಲ್ವ್ ಸೆಟ್ಟುಗಳು ಬರುತ್ತಿದ್ದವು. ಗಿರಾಕಿ ಹೇಳಿದ ತಕರಾರನ್ನು ಚೀಟಿಯಲ್ಲಿ ಬರೆದು ಸೆಟ್ಟಿಗೆ ಕಟ್ಟುವುದು ನನ್ನ ಕೆಲಸ. “ಆವಾಜ್ ಸರಿ ಇಲ್ಲ” ಅಂತ ಬರೆದ ಚೀಟಿಯನ್ನು ಮಾಸ್ತರರು ವಾಪಸ್ ಕೊಡುತ್ತಿದ್ದರು. “ಎಂಥಾ ಸಪ್ಪಳ, ಯಾವಾಗ ಬರತೈತಿ, ಏನ್ ಮಾಡಿದ್ರ ನಿಂದರತೈತಿ, ಕೇಳ್ಕೊಂಡು ಬಾ” ಅನ್ನುತ್ತಿದ್ದರು. ಗಿರಾಕಿ ಖಡೇ ಬಜಾರ್ ದಾಟಿ ಹೋಗಿದ್ದರೂ ಓಡಿ ಹೋಗಿ ಕೇಳಬೇಕಿತ್ತು. ಒಮ್ಮೆ ಹಾಗೆ ಕೇಳಿ ಬರೆದೆ: “ಧಾರವಾಡ ಸ್ಟೇಷನ್ ಹಿಡಿದಾಗ ಮಾತ್ರ ಗುಂಯ್ ಅನ್ನುತ್ತದೆ, ಸ್ಟೇಷನ್ ಬಿಟ್ಟರೆ ಗುಂಯ್ ಇಲ್ಲ.” ಮಾಸ್ತರರು ಓದಿದರು, ಸೆಟ್ಟಿನ ಹಿಂದಿನ ಹಲಗೆ ಬಿಚ್ಚಿದರು, ಕರೆಂಟಿನ ವೈರು ಒಳಗೆ ಬರುವ ಕಡೆ ಇದ್ದ ಒಂದು ಕೆಪಾಸಿಟರ್ ಬದಲಿಸಿದರು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಸ್ಟೇಷನ್ ಹಿಡಿದಾಗಲೇ ಬರುವ ಗುಂಯ್‌ಗೆ ಅಲ್ಲೇ ಮೊದಲು ನೋಡುವುದು. ನಾನು ಬರೆಯುವುದನ್ನು ಕಲಿತದ್ದು ಆ ಚೀಟಿಗಳಿಂದ. ಈಗಲೂ ಯಾರದೇ ಲೇಖನ ಕೈಗೆ ಬಂದರೂ ಮಾಸ್ತರರ ಆ ಮೂರು ಪ್ರಶ್ನೆಯನ್ನೇ ಹಿಡಿದು ಓದುತ್ತೇನೆ.

ಅದೇ ಮಾಸ್ತರರು ಚಾಲೂ ಇರುವ ಸೆಟ್ಟಿನಲ್ಲಿ ಒಂದೇ ಕೈ ಹಾಕುತ್ತಿದ್ದರು. ಎಡಗೈ ಬೆನ್ನ ಹಿಂದೆ. ಟ್ಯೂಬ್ ತಟ್ಟಿ ನೋಡಲು ಬಿದಿರಿನ ಕಡ್ಡಿ. ತಟ್ಟಿದಾಗ ಸ್ಪೀಕರಿನಲ್ಲಿ ಠಣ್ ಅಂದರೆ ಆ ಟ್ಯೂಬು ಮೈಕ್ರೊಫೋನಿಕ್ ಆಗಿದೆ, ಅಂದರೆ ಮೈಕಿನ ಹಾಗೆ ಅಲುಗಾಟವನ್ನೇ ಸದ್ದಾಗಿಸುತ್ತಿದೆ ಅಂತ ಲೆಕ್ಕ. ಇದನ್ನು ಹೇಳಲು ಕಾರಣ ನಿಮ್ಮ ಕೊನೆಯ ಪುಟ. “ಸ್ವಿಚ್ ಆಫ್ ಮಾಡಿ ಆರಾಮಾಗಿ ಒಳಗೆ ಕೈ ಹಾಕಬಹುದು” ಅಂತ ಬರೆದಿದ್ದೀರಿ. ಈ ಸಾಲಿಗೆ ನನಗೆ ಸಿಟ್ಟೇ ಬಂತು. ನಿಮ್ಮ ಸಪ್ಲೈ 280 ವೋಲ್ಟ್ ಡಿಸಿ ಅಂತ ನೀವೇ ಎರಡನೇ ಪುಟದಲ್ಲಿ ಹೇಳಿದ್ದೀರಿ. ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕೆಪಾಸಿಟರುಗಳು ಆ ಚಾರ್ಜನ್ನು ಹಿಡಿದುಕೊಂಡಿರುತ್ತವೆ. ಟ್ಯೂಬ್ ಕಿತ್ತಿಟ್ಟಿದ್ದರೆ, ಚಾರ್ಜನ್ನು ತಾನಾಗಿ ಇಳಿಸುವ ಬ್ಲೀಡರ್ ರೆಸಿಸ್ಟರೂ ಇಲ್ಲದಿದ್ದರೆ ಇನ್ನೂ ಜಾಸ್ತಿ ಹೊತ್ತು. ಇದು ಜೀವ ತೆಗೆಯಬಲ್ಲ ವೋಲ್ಟೇಜು. ಪ್ಲಗ್ ಕಿತ್ತು, ಇನ್ಸುಲೇಷನ್ ಇರುವ ಕ್ಲಿಪ್ಪಿನಿಂದ ದೊಡ್ಡ ವಾಟಿನ 10 ಕಿಲೋ ಓಮ್ ರೆಸಿಸ್ಟರ್ ಹಾಕಿ ಚಾರ್ಜು ಇಳಿಸಿ, ಮೀಟರಿನಲ್ಲಿ ಸೊನ್ನೆಯ ಹತ್ತಿರ ಬಂದದ್ದನ್ನು ನೋಡಿಯೇ ಕೈ ಹಾಕಬೇಕು. ಈ ಮಾತು ಲೇಖನದ ಮೊದಲಲ್ಲೇ ಬರಬೇಕು. ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ ಒಬ್ಬ ಹುಡುಗ ನಿಮ್ಮನ್ನು ನಂಬಿ ಪೆಟ್ಟಿಗೆ ಬಿಚ್ಚುತ್ತಾನೆ. ಅವನ ಜವಾಬ್ದಾರಿ ನಿಮ್ಮದು, ಅಚ್ಚು ಹಾಕಿದರೆ ನನ್ನದೂ ಹೌದು.

ತೆಗೆದ ಟ್ಯೂಬು, ಕೆಪಾಸಿಟರು ಎಸೆದಿಲ್ಲ ತಾನೆ? ಚಾರ್ಜು ಇಳಿಸಿಕೊಂಡು ಹಳೆಯ ಟ್ಯೂಬನ್ನು ಅದೇ ಸಾಕೆಟ್ಟಿಗೆ ಹಾಕಿ ನೋಡಿ. ಸಪ್ಪಳ ಮರಳಿ ಬಂದರೆ ತಪ್ಪು ಅದರದ್ದು. ಬರದಿದ್ದರೆ ಹೊಸ ಟ್ಯೂಬು ಹಾಗೇ ಇರಲಿ, ಹಳೆಯ ಕೆಪಾಸಿಟರುಗಳನ್ನು ಒಂದೊಂದಾಗಿ ಕೂರಿಸಿ ನೋಡಿ. ಅದೂ ಅಲ್ಲದಿದ್ದರೆ ವೈರಿಂಗಿಗೆ ಬರುತ್ತೀರಿ. ಆಗ ಹಳೆಯ ವೈರು ಎಲ್ಲಿ ಹಾದುಹೋಗಿತ್ತು, ಹೊಸದು ಎಲ್ಲಿ ಹಾದುಹೋಗಿದೆ ಅಂತ ಕೈಯಲ್ಲೇ ಒಂದು ಚಿತ್ರ ಬರೆದು ಸೇರಿಸಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ.

ನಿಮ್ಮ
ಸಂಪಾದಕ, ಬೆಳಗಾವಿ